ಹಾರಿಸಿದ ಪುಟಗಳು

2021ರ ಏಪ್ರಿಲ್ ತಿಂಗಳು. ರಮಜಾನ್ ಬಾಗಿಲಿಗೆ ಬಂದಿತ್ತು. ಬ್ಯಾಡಗಿಯ ನಮ್ಮ ಟೇಲರ್ ಭಾಯ್ ಅಂಗಡಿಯಲ್ಲಿ ಹಬ್ಬದ ಬಟ್ಟೆಗಳ ರಾಶಿ. ಅಸರ್ ನಮಾಜು ಮುಗಿಸಿ ಚಹಾ ಕುಡಿಯಲು ಅಲ್ಲಿ ಸೇರುವುದು ನಮ್ಮ ಹಳೆಯ ರೂಢಿ. ಆ ದಿನ ಪತ್ರಿಕೆಯಲ್ಲಿ ಒಂದು ಸುದ್ದಿಯಿತ್ತು. ಮೈಸೂರಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಎಂಬ ಕೂಲಿಕಾರರು ಕಟ್ಟಿಕೊಂಡಿದ್ದ ಸಣ್ಣ ಗ್ರಂಥಾಲಯ ಬೆಂಕಿಗೆ ಬಲಿಯಾಗಿತ್ತು. ಸುಮಾರು 11 ಸಾವಿರ ಪುಸ್ತಕಗಳು ಬೂದಿಯಾಗಿದ್ದವು. ತನಗೆ ಶಾಲೆಯ ಓದು ದಕ್ಕಲಿಲ್ಲ, ಬೇರೆಯವರಿಗಾದರೂ ದಕ್ಕಲಿ ಎಂದು ಆತ ಅವನ್ನು ಕೂಡಿಸಿಟ್ಟಿದ್ದರಂತೆ.

ಸುದ್ದಿ ಓದಿ ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಕೆಲವರು ಸಿಟ್ಟಾದರು, ಕೆಲವರು ದುವಾ ಮಾಡಿದರು. ಟೇಲರ್ ಭಾಯ್ ಮಾತ್ರ ಹೊಲಿಗೆಯಂತ್ರದ ಚಕ್ರ ಹಿಡಿದು ನಿಲ್ಲಿಸಿ ಕೇಳಿದರು: "ಒಬ್ಬ ಕೂಲಿಕಾರ ಹನ್ನೊಂದು ಸಾವಿರ ಪುಸ್ತಕ ಕೂಡಿಸಿದ. ಇಲ್ಲಿ ಐದು ಮಂದಿ ಕುಂತಿದ್ದೇವೆ. ಹೋದ ವರ್ಷ ಐದೂ ಮಂದಿ ಸೇರಿ ಹನ್ನೊಂದು ಪುಸ್ತಕ ಓದಿದ್ದೇವಾ?"

ನಾವು ಬೆರಳು ಮಡಿಚಿ ಎಣಿಸಿದೆವು. ನಮ್ಮಲ್ಲಿ ಕತೆ ಬರೆಯುವವನೊಬ್ಬನಿದ್ದಾನೆ. ಅವನ ಲೆಕ್ಕವನ್ನು ಬಿಟ್ಟರೆ ಮೂರಕ್ಕಿಂತ ಮುಂದೆ ಬೆರಳು ಹೋಗಲಿಲ್ಲ. ಕತೆಗಾರನ ಲೆಕ್ಕವೂ ಹೆಮ್ಮೆಪಡುವಂಥದ್ದಾಗಿರಲಿಲ್ಲ. ಬರೆಯುವವರು ತಮ್ಮದನ್ನು ಬಿಟ್ಟು ಬೇರೆಯವರದನ್ನು ಓದುವುದು ಕಡಿಮೆ ಎಂಬ ಮಾತು ಸುಳ್ಳಲ್ಲ.

ನಮ್ಮ ಓದುವ ಬಳಗ ಹುಟ್ಟಿದ್ದು ಆ ನಾಚಿಕೆಯಿಂದ. ಆಮೇಲೆ ಲಾಕ್‌ಡೌನ್ ಬಂತು, ಸಾವುಗಳು ಬಂದವು, ಮಾತು ಅಲ್ಲಿಗೇ ನಿಂತಿತು. ಆ ವರ್ಷದ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಅಂಗಡಿಯ ಷಟರ್ ಅರ್ಧ ಇಳಿಸಿ ನಾವು ಐದು ಮಂದಿ ಕುಳಿತೆವು. ಟೇಲರ್ ಭಾಯ್, ನಿವೃತ್ತರಾದ ಉರ್ದು ಶಾಲೆಯ ಮಾಸ್ತರ್ ಸಾಬ್, ಮೊಬೈಲ್ ರಿಪೇರಿ ಮಾಡುವ ಹುಡುಗ, ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು, ಮತ್ತು ಕತೆಗಾರ. ಗುಮಾಸ್ತರು ಲಿಂಗಾಯತರು, ಟೇಲರ್ ಭಾಯ್‌ಗೆ ಬಾಲ್ಯದ ಗೆಳೆಯರು. ಬಳಗಕ್ಕೆ ಹೆಸರಿಡಲಿಲ್ಲ, ಅಧ್ಯಕ್ಷ-ಕಾರ್ಯದರ್ಶಿಗಳಿರಲಿಲ್ಲ. ಅವರಿದ್ದರೆ ಹಾರ ತುರಾಯಿ ಬೇಕಾಗುತ್ತದೆ, ಪುಸ್ತಕಕ್ಕೆ ದುಡ್ಡು ಉಳಿಯುವುದಿಲ್ಲ ಎಂದು ಗುಮಾಸ್ತರು ಲೆಕ್ಕ ಹೇಳಿದರು. ತಿಂಗಳಿಗೆ ತಲಾ ಇಪ್ಪತ್ತು ರೂಪಾಯಿ ವಂತಿಗೆ ಎಂದು ಗೊತ್ತಾಯಿತು.

ಮೊದಲ ದಿನವೇ ಒಂದು ತೊಡಕು ಎದುರಾಯಿತು. ಮಾಸ್ತರ್ ಸಾಬರಿಗೆ ಉರ್ದು ನೀರು ಕುಡಿದಷ್ಟು ಸಲೀಸು. ಕನ್ನಡ ಓದಬೇಕೆಂದರೆ ಅಕ್ಷರ ಅಕ್ಷರ ಕೂಡಿಸಬೇಕು. ಮೊಬೈಲ್ ಹುಡುಗನಿಗೆ ಮನೆಮಾತು ಉರ್ದುವೇ ಆದರೂ ಅದರ ಲಿಪಿ ಬಾರದು, ಓದಿದ್ದೆಲ್ಲ ಕನ್ನಡದಲ್ಲಿ. ಗುಮಾಸ್ತರಿಗೆ ಉರ್ದು ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಐದು ಮಂದಿಯಲ್ಲಿ ಎರಡೂ ಲಿಪಿ ಬಲ್ಲವನು ಕತೆಗಾರನೊಬ್ಬನೇ. ಅವನು ಉರ್ದು ಪ್ರಾಥಮಿಕ ಶಾಲೆಯಿಂದ ಕನ್ನಡ ಹೈಸ್ಕೂಲಿಗೆ ಹೋಗಿ, ಮೊದಲ ವರ್ಷ ಪೂರ್ತಿ ಹಿಂದಿನ ಬೆಂಚಿನಲ್ಲಿ ಕುಳಿತು ಅತ್ತವನು.

ಇದು ನಮ್ಮ ಅಂಗಡಿಯೊಂದರ ಕತೆಯಲ್ಲ, ನಮ್ಮ ಎಷ್ಟೋ ಮನೆಗಳ ಕತೆ. ಡೆಪ್ಯುಟಿ ನಜೀರ್ ಅಹ್ಮದ್ 1869ರಲ್ಲಿ 'ಮಿರಾತುಲ್ ಉರೂಸ್' ಬರೆದರು. ಉರ್ದುವಿನ ಮೊದಲ ಕಾದಂಬರಿ ಎಂದು ಅದಕ್ಕೆ ಹೆಸರು. ಮಾಸ್ತರ್ ಸಾಬರ ದಾದಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಅದರ ಪ್ರತಿ ತೆಗೆದು ಮಧ್ಯಾಹ್ನಗಳಲ್ಲಿ ಓಣಿಯ ಹೆಂಗಸರಿಗೆ ಓದಿ ಹೇಳುತ್ತಿದ್ದರಂತೆ. ಮೊಂಡಿ ಅಕ್ಬರಿ, ಜಾಣೆ ಅಸ್ಗರಿ ಇಬ್ಬರೂ ನಮ್ಮೂರಿನ ಸೊಸೆಯರೇ ಎಂಬಂತೆ ಅವರು ಜಗಳವಾಡುತ್ತಿದ್ದರಂತೆ. ಅದೇ ಮನೆಯ ಮೊಮ್ಮಕ್ಕಳಿಗೆ ಇಂದು ಆ ಪುಸ್ತಕ ಬರೀ ಗೀಚು. ಅಜ್ಜಿಯ ಪುಸ್ತಕ ಮೊಮ್ಮಗ ಓದಲಾರ. ಮೊಮ್ಮಗನ ಪುಸ್ತಕ ತಾತ ಓದಲಾರ. ಒಂದೇ ಸೂರಿನ ಕೆಳಗೆ ಎರಡು ಕುರುಡು.

ಇದಕ್ಕೆ ದಾರಿಯನ್ನೂ ದಾದಿಯೇ ತೋರಿಸಿದ್ದರು. ಜೋರಾಗಿ ಓದುವುದು! ಒಬ್ಬರು ಓದಬೇಕು, ಉಳಿದವರು ಕೇಳಬೇಕು. ಲಿಪಿಯ ಗೋಡೆ ಕಣ್ಣಿಗುಂಟು, ಕಿವಿಗಿಲ್ಲ.

ಹೇಗೆ ಓದಬೇಕೆಂಬುದು ಬಗೆಹರಿಯಿತು. ಏನನ್ನು ಓದಬೇಕು? ಇಲ್ಲಿ ನಾವು ಪಟ್ಟ ಪಾಡು ಹೇಳತೀರದು. ಹಿರಿಯರೆಂಬ ಗೌರವಕ್ಕೆ ಮೊದಲ ಆಯ್ಕೆಯನ್ನು ಮಾಸ್ತರ್ ಸಾಬರಿಗೆ ಬಿಟ್ಟೆವು. ಅವರು ಉರ್ದು ಕಾವ್ಯಮೀಮಾಂಸೆಯ ದಪ್ಪ ಗ್ರಂಥ ತಂದರು. ಎರಡನೆಯ ವಾರ ಟೇಲರ್ ಭಾಯ್ ಕಾಜಾ ಮಾಡುತ್ತ ತೂಕಡಿಸಿ ಬೆರಳಿಗೆ ಸೂಜಿ ಚುಚ್ಚಿಕೊಂಡರು. ಗ್ರಂಥ ಅಲ್ಲಿಗೆ ಸಮಾಪ್ತಿ. ಆಮೇಲೆ ಗುಮಾಸ್ತರು ಆರು ನೂರು ಪುಟದ ಕಾದಂಬರಿ ತಂದರು. ನೂರನೆಯ ಪುಟಕ್ಕೆ ಬರುವಷ್ಟರಲ್ಲಿ ಮೆಣಸಿನಕಾಯಿ ಸುಗ್ಗಿ ಶುರುವಾಗಿ ತಂದವರೇ ಮಾಯವಾದರು. ಯಾರೋ ಮದುವೆಯಲ್ಲಿ ಹಂಚಿದ ಉಪದೇಶದ ಕಿರುಪುಸ್ತಕ ತಂದರು, ಇನ್ಯಾರೋ ಪಕ್ಷವೊಂದರ ಕರಪತ್ರ ತಂದರು. ಎರಡೂ ದಿನ ಓದಿಗಿಂತ ವಾದವೇ ಹೆಚ್ಚಾಯಿತು.

ಸೋತು ಸೋತು ನಿಯಮಗಳು ಹುಟ್ಟಿದವು. ಪುಸ್ತಕ ನೂರೈವತ್ತು ಪುಟ ಮೀರಬಾರದು. ನಾಲ್ಕು ಭಾನುವಾರಗಳಲ್ಲಿ ಮುಗಿಯಬೇಕು. ಒಂದು ಕನ್ನಡದ್ದಾದರೆ ಮುಂದಿನದು ಉರ್ದುವಿನದು. ಹೆಸರು ಸೂಚಿಸಿದವರು ಮೊದಲ ಎರಡು ಪುಟ ಓದಿ ತೋರಿಸಬೇಕು. ಉಪದೇಶದ್ದೂ ಚುನಾವಣೆಯದ್ದೂ ಬೇಡ. ಹೆಸರುಗಳನ್ನು ಚೀಟಿಯಲ್ಲಿ ಬರೆದು ಟೇಲರ್ ಭಾಯ್ ಗುಂಡಿ ಹಾಕಿಡುವ ತಗಡಿನ ಡಬ್ಬಿಗೆ ಹಾಕುವುದು, ಮೂರು ಚೀಟಿ ಎತ್ತುವುದು, ಆ ಮೂರರಲ್ಲಿ ಕೈ ಎತ್ತಿ ಒಂದನ್ನು ಆರಿಸುವುದು. ಪುಸ್ತಕಗಳಿಗೆ ಊರಿನ ಗ್ರಂಥಾಲಯವಿತ್ತು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ಕಂದಾಯದ ಜೊತೆ ಗ್ರಂಥಾಲಯದ ಕರವನ್ನೂ ನಾವು ಕಟ್ಟುತ್ತಲೇ ಬಂದಿದ್ದೇವೆ. ಹೀಗೆ ವರ್ಷಗಟ್ಟಲೆ ದುಡ್ಡು ಕೊಟ್ಟೂ ಅದರ ಮೆಟ್ಟಿಲು ಹತ್ತದವರು ನಮ್ಮಲ್ಲಿ ಮೂವರಿದ್ದರು!

ಡಬ್ಬಿಯಿಂದ ಮೊದಲು ಬಂದದ್ದು ಪ್ರೇಮಚಂದರ 'ಈದ್‌ಗಾಹ್'. 1933ರಲ್ಲಿ ಪ್ರಕಟವಾದ ಕತೆ. ಮೂರೇ ಪೈಸೆ ಜೇಬಿನಲ್ಲಿಟ್ಟುಕೊಂಡು ಜಾತ್ರೆಗೆ ಹೋದ ಅನಾಥ ಹುಡುಗ ಹಮೀದ್, ಮಿಠಾಯಿಯ ಆಸೆ ನುಂಗಿ, ರೊಟ್ಟಿ ಬೇಯಿಸುವಾಗ ಬೆರಳು ಸುಟ್ಟುಕೊಳ್ಳುವ ದಾದಿಗಾಗಿ ಚಿಮಟಾ ಕೊಂಡು ತರುತ್ತಾನೆ. ಓದು ಮುಗಿದಾಗ ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. "ಮೆಣಸಿನಕಾಯಿ ಘಾಟು ಅದ ನೋಡ್ರಿ" ಎಂದರು. ಆ ದಿನ ಪೇಟೆಗೆ ರಜೆಯಿತ್ತು. ಆಮೇಲೆ ಬಂದದ್ದು ಬಷೀರರ 'ಪಾತುಮ್ಮಳ ಆಡು'. ಬಷೀರರು ಬರೆದ ಪುಸ್ತಕಗಳನ್ನೇ ಆಡು ತಿಂದುಹಾಕುವ ಕಡೆ ಬಂದಾಗ ಮಾಸ್ತರ್ ಸಾಬ್ ನಕ್ಕು ನಕ್ಕು ಕೆಮ್ಮಿದರು. "ನಮ್ಮ ಕತೆಗಾರ ಒಂದು ಆಡು ಸಾಕಲಿ, ಪುಸ್ತಕ ಖರ್ಚಾಗುತ್ತವೆ" ಎಂದರು ಟೇಲರ್ ಭಾಯ್.

2022ರ ಮಳೆಗಾಲದಲ್ಲಿ ಅಂಗಡಿಯ ಮಾಳಿಗೆ ಸೋರತೊಡಗಿತು. ಬಳಗ ಟೇಲರ್ ಭಾಯ್ ಮನೆಯ ಪಡಸಾಲೆಗೆ ಬಂತು. ಪಡಸಾಲೆಗೂ ಒಳಮನೆಗೂ ನಡುವೆ ಒಂದು ಹೂವಿನ ಪರದೆ. ಚಹಾ ಆ ಪರದೆಯ ಕೆಳಗಿನಿಂದ ತಟ್ಟೆಯಲ್ಲಿ ಬರುತ್ತಿತ್ತು. ಕೆಲವು ವಾರಗಳಲ್ಲಿ ಪರದೆಯ ಆಚೆಯಿಂದ ಬಳೆಯ ಸದ್ದು ಹೆಚ್ಚಾದದ್ದು ನಮ್ಮ ಕಿವಿಗೆ ಬಿತ್ತು. ಅಕ್ಕಪಕ್ಕದ ಹೆಂಗಸರು ಬಂದು ಕೂರತೊಡಗಿದ್ದರು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುವ ಒಬ್ಬ ಖಾಲಾ ಇದ್ದರು. ಎಷ್ಟು ತೊಳೆದರೂ ಬೆರಳಿನ ಉರಿ ಹೋಗುವುದಿಲ್ಲವೆಂದು ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೂರುತ್ತಿದ್ದರಂತೆ. ಟೇಲರ್ ಭಾಯ್‌ರ ತಂಗಿ ಇದ್ದರು. ನಾವೆಲ್ಲ ಆಪಾ ಎಂದೇ ಕರೆಯುತ್ತೇವೆ. ಸೀರೆಗಳಿಗೆ ಫಾಲ್ ಹಚ್ಚುತ್ತ, ಪಿಕೋ ಮಾಡುತ್ತ ತವರಿನಲ್ಲೇ ಇರುವವರು. ಅವರು ತವರಿಗೆ ಹಿಂತಿರುಗಿದ್ದು ಹೇಗೆಂದು ಊರಿಗೇ ಗೊತ್ತು, ಆದ್ದರಿಂದ ಯಾರೂ ಮಾತಾಡುವುದಿಲ್ಲ.

ಒಳಗಿನವರು ಕೇಳುತ್ತಿದ್ದಾರೆಂದು ನಮಗೆ ಸಂತೋಷವೇ ಆಯಿತು. ಆದರೆ ಗುಂಡಿಯ ಡಬ್ಬಿಯನ್ನು ಒಮ್ಮೆಯಾದರೂ ಪರದೆಯ ಆಚೆ ಕಳಿಸಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಸತ್ಯ ಇದು. ಬರೆಯುವಾಗ ಹೆಣ್ಣಿನ ಕಷ್ಟಕ್ಕೆ ಕಣ್ಣೀರು ಹಾಕುವ ಕತೆಗಾರನಿಗೂ ಹೊಳೆಯಲಿಲ್ಲ.

2023ರ ಜನವರಿ 6, 7, 8ರಂದು ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಮುಸ್ಲಿಂ ಲೇಖಕರಿಗೆ ಅಲ್ಲಿ ತಕ್ಕ ಜಾಗ ಸಿಕ್ಕಿಲ್ಲವೆಂಬ ಟೀಕೆ ಎದ್ದಿತ್ತು. ಅದನ್ನು ಪ್ರತಿಭಟಿಸಿ 8ರಂದು ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನವೂ ನಡೆಯಿತು. ಹೋಗುವುದೋ ಬಿಡುವುದೋ ಎಂದು ನಮ್ಮಲ್ಲಿ ಜಗಳ. ಮೊಬೈಲ್ ಹುಡುಗ ಸುತರಾಂ ಬೇಡವೆಂದ. "ವೇದಿಕಿ ಅವರದಿರಬಹುದು, ಪುಸ್ತಕ ಯಾರದೂ ಅಲ್ಲಲ್ಲ. ನಾವು ಭಾಷಣಕ್ಕ ಹೋಗೂದು ಬ್ಯಾಡ, ಮಳಿಗಿಗೆ ಹೋಗೂಣು" ಎಂದರು ಗುಮಾಸ್ತರು. ಹುಡುಗ ಬರಲಿಲ್ಲ. ಉಳಿದ ನಾಲ್ವರು ಹೋದೆವು. ಅವನ ಹಟದಲ್ಲೂ ಸತ್ಯವಿತ್ತೆಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಮಳಿಗೆಗಳಲ್ಲಿ ನೂಕುನುಗ್ಗಲು. ಕೂಡಿಸಿದ ವಂತಿಗೆಯ ಹಣ ಗುಮಾಸ್ತರ ಒಳಜೇಬಿನಲ್ಲಿತ್ತು. ಒಂದೊಂದು ಪುಸ್ತಕ ಕೊಳ್ಳುವಾಗಲೂ ಎತ್ತು ಕೊಳ್ಳುವವರಂತೆ ನಾಲ್ವರೂ ಸುತ್ತ ನಿಂತು ಪುಟ ಎಣಿಸಿ, ಬೆಲೆ ಕೇಳಿ, ಮೊದಲ ಸಾಲು ಓದಿ ತೀರ್ಮಾನಿಸುತ್ತಿದ್ದೆವು. ಅಂದು ತಂದ ಏಳು ಪುಸ್ತಕಗಳಲ್ಲಿ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಒಂದು. 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದು ಎಂಬತ್ತರ ದಶಕದಲ್ಲಿ ಕನ್ನಡದ ಓದುಗರನ್ನು ಕಲಕಿದ ಕಾದಂಬರಿ. ಎರಡು ದಿನ ಕಳೆದಿತ್ತಷ್ಟೆ. ಜನವರಿ 10ರಂದು ಮಂಗಳೂರಿನಲ್ಲಿ ಸಾರಾ ಅಬೂಬಕ್ಕರ್ ತೀರಿಕೊಂಡ ಸುದ್ದಿ ಬಂತು. ಅವರಿಗೆ 86 ವರ್ಷ. ಆ ಭಾನುವಾರ ಚೀಟಿ ಎತ್ತಲಿಲ್ಲ. ಬೇರೆ ಯಾವ ಪುಸ್ತಕ ಓದಲು ಸಾಧ್ಯವಿತ್ತು?

ಮಾಸ್ತರ್ ಸಾಬ್ ಮಾತ್ರ ಹಿಂಜರಿದರು. "ಮನೆಯ ಕೊಳೆಯನ್ನು ಬೀದಿಗೆ ತಂದು ತೋರಿಸುವ ಪುಸ್ತಕ. ಹೊರಗಿನವರು ಇದನ್ನೇ ಕೋಲು ಮಾಡಿಕೊಂಡು ನಮ್ಮನ್ನು ಹೊಡೆಯುತ್ತಾರೆ" ಎಂದರು. ಆ ಭಯ ಸುಳ್ಳೆಂದು ಯಾರೂ ಹೇಳಲಾರೆವು. ಗುಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ದೊಡ್ಡವ್ವ ಹದಿನಾಕು ವರ್ಷಕ್ಕ ಗಂಡನ್ನ ಕಳಕೊಂಡಾಕಿ. ಸಾಯೂತನಕ ಕತ್ತಲಕೋಣ್ಯಾಗ ಇದ್ಲು. ಆಕಿ ಕತಿ ಯಾರೂ ಬರೀಲಿಲ್ಲ. ಬರದಿದ್ರ ನಾವು ಒಂದೀಟು ನಾಚಿಕೊಂತಿದ್ವೇನೋ" ಎಂದರು. ಓದುವುದೆಂದು ತೀರ್ಮಾನವಾಯಿತು.

ಆದರೆ ನಾಲ್ಕನೆಯ ಭಾನುವಾರದ ಮೊದಲು ನಾವು ಗಂಡಸರು ಮಸೀದಿಯ ಮೆಟ್ಟಿಲ ಬಳಿ ನಿಂತು ಬೇರೊಂದು ತೀರ್ಮಾನ ಮಾಡಿದೆವು. ಕತೆ ಗೊತ್ತಿದ್ದವರಿಗೆ ನೆನಪಿರಬಹುದು. ಅಪ್ಪನ ಹಟಕ್ಕೆ ಗಂಡನಿಂದ ದೂರವಾದ ನಾದಿರಾ ಮತ್ತೆ ಅದೇ ಗಂಡನನ್ನು ಸೇರಬೇಕಾದರೆ, ನಡುವೆ ಇನ್ನೊಬ್ಬನೊಡನೆ ಒಂದು ರಾತ್ರಿಯ ಮದುವೆಯಾಗಬೇಕು ಎನ್ನುತ್ತಾರೆ. ಪರದೆಯ ಆಚೆ ಆಪಾ ಕುಳಿತಿರುತ್ತಾರೆ. ಹನ್ನೊಂದು ವರ್ಷದ ಹಿಂದೆ ಇದೇ ಮಾತು ಅವರ ಮುಂದೆಯೂ ಬಂದಿತ್ತು. ಇದೇ ಪಡಸಾಲೆಯಲ್ಲಿ ಹಿರಿಯರು ಕುಳಿತು ಆಡಿದ ಮಾತು. ಆಪಾ ಆಗ ಒಪ್ಪಲಿಲ್ಲ. ಒಪ್ಪದಿದ್ದುದಕ್ಕೆ ಒಂದು ವರ್ಷ ತಂದೆ ಅವರೊಡನೆ ಮಾತು ಬಿಟ್ಟಿದ್ದರು. ಆ ಪುಟಗಳನ್ನು ಅವರ ಕಿವಿಗೆ ಹಾಕುವುದು ಹೇಗೆ? ಹಾರಿಸಿಬಿಡೋಣ ಎಂದೆವು. ಕರುಣೆಯೆಂದೇ ನಾವು ಅದನ್ನು ತಿಳಿದಿದ್ದೆವು.

ಓದಿದ ನಾಲಿಗೆ ಕತೆಗಾರನದು, ತಪ್ಪು ನಮ್ಮೆಲ್ಲರದು. ಪುಟಗಳನ್ನು ಒಟ್ಟಿಗೆ ಮಗುಚಿ, ನಡುವೆ ಎರಡು ಸಾಲು ತಾನೇ ಹೊಲಿದು ಸೇರಿಸಿ, ಅವನು ಕೊನೆಗೆ ಬಂದ. ನಾದಿರಾ ಮಸೀದಿಯ ಕೊಳದಲ್ಲಿ ಮುಳುಗಿ ಜೀವ ಬಿಟ್ಟಳು. ಪುಸ್ತಕ ಮುಚ್ಚಿದ. ಯಾರೂ ಮಾತಾಡಲಿಲ್ಲ.

ಆಗ ಪರದೆಯ ಆಚೆಯಿಂದ ಆಪಾ ಕೇಳಿದರು: "ಅವಳು ಸತ್ತದ್ದು ಯಾಕೆ?"

ಅಷ್ಟು ತಿಂಗಳಲ್ಲಿ ಒಳಗಿನಿಂದ ಬಂದ ಮೊದಲ ಮಾತು ಅದು. ಟೇಲರ್ ಭಾಯ್ ತಲೆ ತಗ್ಗಿಸಿದರು. ಆಪಾ ಮತ್ತೆ ಅಂದರು: "ಹಾವೇರಿಯಿಂದ ತಂದ ರಾತ್ರಿಯೇ ಆ ಪುಸ್ತಕ ತೆಗೆದುಕೊಂಡೆ. ಎರಡು ರಾತ್ರಿಯಲ್ಲಿ ಓದಿದೆ. ನಾನು ಏಳನೇ ಇಯತ್ತೆವರೆಗೆ ಕನ್ನಡ ಸಾಲಿಗೆ ಹೋದವಳು, ನೀವು ಮರೆತಿದ್ದೀರಿ. ಸಾಯೋದನ್ನ ಓದಿದಿರಿ. ಕೊಂದದ್ದನ್ನ ಬಿಟ್ಟಿರಿ."

ಆ ಮಾತಿಗೆ ನಮ್ಮ ಬಳಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ನಮ್ಮ ಕರುಣೆ ಯಾರನ್ನು ಕಾಪಾಡುತ್ತಿತ್ತು? ಆಪಾಗೆ ಆ ಪುಟಗಳು ಹೊಸವಲ್ಲ. ಅವರು ಅವನ್ನು ಬಾಳಿ ದಾಟಿದವರು. ಆಪಾ ಕೇಳುತ್ತಿರುವಾಗ ಅವನ್ನು ಕೇಳಬೇಕಾಗಿದ್ದವರು ನಾವು. ಹನ್ನೊಂದು ವರ್ಷದ ಹಿಂದೆ ಆ ಪಡಸಾಲೆಯಲ್ಲಿ ಕುಳಿತಿದ್ದ ಹಿರಿಯರಲ್ಲಿ ಮಾಸ್ತರ್ ಸಾಬರೂ ಒಬ್ಬರು. ಚಹಾದ ಲೋಟ ಹಿಡಿದು ಸುಮ್ಮನಿದ್ದವರಲ್ಲಿ ಕತೆಗಾರನೂ ಇದ್ದ.

ಟೇಲರ್ ಭಾಯ್ ಎದ್ದು ಪುಸ್ತಕವನ್ನು ಪರದೆಯ ಕೆಳಗಿನಿಂದ ಒಳಗೆ ಸರಿಸಿದರು. ಚಹಾ ಬರುತ್ತಿದ್ದ ದಾರಿಯಲ್ಲೇ ಪುಸ್ತಕ ಹೋಯಿತು. ಆಪಾ ಹಾರಿಸಿದ ಪುಟಗಳನ್ನು ಓದಿದರು. ಓದು ಅಲ್ಲಲ್ಲಿ ತಡವರಿಸುತ್ತಿತ್ತು, ದನಿ ಮಾತ್ರ ಎಲ್ಲೂ ನಡುಗಲಿಲ್ಲ. ಒಳಗೆ ಯಾರೋ ಮೂಗು ಸೇದಿದರು. ಹೊರಗೆ ನಾವು ಚಾಪೆಯ ಎಳೆ ಎಣಿಸುತ್ತ ಕುಳಿತೆವು.

ಮುಗಿದಾಗ ಮೊಬೈಲ್ ಹುಡುಗ ಮೆಲ್ಲಗೆ, "ಈಗ ಕಾಲ ಬದಲಾಗಿದೆ ಆಪಾ. 2017ರಲ್ಲಿ ಸುಪ್ರೀಂ ಕೋರ್ಟು ಒಂದೇ ಉಸಿರಿನ ಮೂರು ತಲಾಖನ್ನು ರದ್ದು ಮಾಡಿತು, 2019ರಲ್ಲಿ ಕಾನೂನೂ ಬಂತು" ಎಂದ. "ಕೋರ್ಟು ಆದಾಗ ಆಯಿತು" ಎಂದರು ಆಪಾ. "ಅದಕ್ಕೂ ಮುಂಚೆ ಅಂಥ ತಲಾಖು ಅಲ್ಲಾಹನಿಗೆ ಮೆಚ್ಚುಗೆಯಿಲ್ಲ, ಗೊತ್ತುಮಾಡಿಕೊಂಡು ಮಾಡುವ ಒಂದು ರಾತ್ರಿಯ ಮದುವೆ ನಿಕಾಹೇ ಅಲ್ಲ ಅಂತ ತಿಳಿದವರು ಇದ್ದರಲ್ಲ, ಅವರು ಅಂದು ಯಾಕೆ ಬಾಯಿ ಬಿಡಲಿಲ್ಲ?"

ಮಾಸ್ತರ್ ಸಾಬ್ ಏನೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೋದರು. ಮುಂದಿನ ಮೂರು ಭಾನುವಾರ ಬರಲಿಲ್ಲ. ಓಣಿಯಲ್ಲಿ ಗುಸುಗುಸು ಎದ್ದಿತು. ಗಂಡಸರೂ ಹೆಂಗಸರೂ ಸೇರಿ ಕಾದಂಬರಿ ಓದುತ್ತಾರಂತೆ ಎಂದು ಯಾರೋ ಹಿರಿಯರಿಗೆ ದೂರು ಹೇಳಿದರು. ಅಕ್ಕಪಕ್ಕದ ಇಬ್ಬರು ಹೆಂಗಸರಿಗೆ ಮನೆಯಿಂದ ಅಪ್ಪಣೆ ಸಿಗದಾಯಿತು. ಅವರಲ್ಲಿ ಒಬ್ಬರು ಇಂದಿಗೂ ಬಂದಿಲ್ಲ. ಪುಸ್ತಕ ಓದಿದರೆ ನಷ್ಟವೇ ಇಲ್ಲ ಎನ್ನುವವರು ಗುಂಪಿನಲ್ಲಿ ಓದಿದವರಲ್ಲ.

ನಾಲ್ಕನೆಯ ಭಾನುವಾರ ಮಾಸ್ತರ್ ಸಾಬ್ ಬಂದರು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ದಾದಿಯ 'ಮಿರಾತುಲ್ ಉರೂಸ್' ಇತ್ತು. ಅದನ್ನು ಪರದೆಯ ಹತ್ತಿರ ಇಟ್ಟು, "ಬೇಟಿ, ಇದನ್ನು ಇದ್ದುದು ಇದ್ದಂತೆ ಓದಿ ಹೇಳುತ್ತೇನೆ, ಒಂದು ಸಾಲೂ ಬಿಡುವುದಿಲ್ಲ. ಬೇಸರ ಬಂದರೆ ನೀನೇ ನಿಲ್ಲಿಸು" ಎಂದರು. ಕ್ಷಮೆ ಕೇಳಿದ್ದು ಅಷ್ಟೇ. ಅಷ್ಟು ಸಾಕೋ ಸಾಲದೋ ಹೇಳಬೇಕಾದವರು ಆಪಾ, ಅವರು ಹೇಳಿಲ್ಲ. ಆ ಪುಸ್ತಕವನ್ನು ನಿಲ್ಲಿಸಿದ್ದಂತೂ ನಿಜ. ಅಸ್ಗರಿಯ ಜಾಣತನ ಅತಿಯಾಯಿತೆಂದು ಒಳಗಿನಿಂದಲೇ ತಕರಾರು ಬಂತು. ಅಕ್ಬರಿಯ ಪರವಾಗಿ ವಾದ ಮಾಡುವವರು ಆರು ಮಂದಿ ಹುಟ್ಟಿಕೊಂಡರು.

ಅಂದಿನಿಂದ ಗುಂಡಿಯ ಡಬ್ಬಿ ಮೊದಲು ಒಳಗೆ ಹೋಗುತ್ತದೆ, ಆಮೇಲೆ ಹೊರಗೆ ಬರುತ್ತದೆ. ಓದುವ ಸರದಿಯೂ ಹಂಚಿಕೆಯಾಗಿದೆ. ಪರದೆ ಈಗಲೂ ಇದೆ. ಅದನ್ನು ಸರಿಸುವುದೂ ಬಿಡುವುದೂ ಒಳಗಿನವರಿಗೆ ಬಿಟ್ಟದ್ದು. ಮಳೆ ಬಂದ ದಿನ ಗಾಳಿಗೆಂದು ಅವರೇ ಸರಿಸುತ್ತಾರೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ, ಅನುವಾದಕಿ ದೀಪಾ ಭಾಸ್ತಿಯವರ ಜೊತೆ ಅವರ ಚಿತ್ರ ಪತ್ರಿಕೆಗಳಲ್ಲಿ ಬಂತು. ಆ ವಾರ ಡಬ್ಬಿಯಲ್ಲಿ ಒಂದೇ ಹೆಸರಿನ ಒಂಬತ್ತು ಚೀಟಿಗಳಿದ್ದವು. ಆಪಾ 'ಕರಿನಾಗರಗಳು' ಕತೆಯನ್ನು ಓದಿದರು. ಯಾವ ಪುಟವನ್ನೂ ಯಾರೂ ಹಾರಿಸಲಿಲ್ಲ.

ಬಳಗದ ಪಟ್ಟಿಯಲ್ಲಿ ಈಗ ನಲವತ್ತಕ್ಕೆ ಹತ್ತಿರ ಪುಸ್ತಕಗಳಿವೆ. ಹನ್ನೊಂದು ಸಾವಿರದ ಲೆಕ್ಕಕ್ಕೆ ಇದು ಯಾವ ಮೂಲೆಗೂ ಸಾಲದು. ಹೋದ ತಿಂಗಳು ಚೀಟಿ ಬಿಡಿಸುವಾಗ ಒಂದು ಚೀಟಿ ಖಾಲಿ ಇತ್ತು. ಅಕ್ಷರವೇ ಇಲ್ಲ, ಒಂದು ಮೂಲೆಯಲ್ಲಿ ಕೆಂಪಗೆ ಬೆರಳಿನ ಗುರುತು, ಎಣ್ಣೆಯ ಕಲೆ. ಯಾರದೆಂದು ಕೇಳಬೇಕಾಗಲಿಲ್ಲ. "ಖಾಲಾ, ಯಾವ ಪುಸ್ತಕ?" ಎಂದೆವು.

"ಹೆಸರು ನನಗೇನು ಗೊತ್ತು? ದಾದಿಯ ಬೆರಳು ಸುಡಬಾರದು ಅಂತ ಚಿಮಟಾ ತಂದನಲ್ಲ ಒಬ್ಬ ಹುಡುಗ, ಅವನದು. ಮತ್ತೊಮ್ಮೆ ಓದಿರಿ" ಎಂದರು ಖಾಲಾ.

ಒಮ್ಮೆ ಓದಿದ್ದನ್ನು ಮತ್ತೆ ಓದಬಾರದೆಂಬ ನಿಯಮ ನಮ್ಮಲ್ಲಿ ಇರಲಿಲ್ಲ. ಎಲ್ಲರೂ ಕೈ ಎತ್ತಿದೆವು.